ಕೆಂಪು ದೀಪ ಮಿಣುಕವಲ್ದು

ಮಳೆಗಾಲ ಸುರುವಾಯಿತೆಂದರೆ ನಮ್ಮ ಆಲಮಟ್ಟಿಯಲ್ಲಿ ಬೆಳಗಾಗುವುದು ಒಂದು ಮೆಸೇಜಿನಿಂದ. ನಾಲ್ಕೇ ಸಾಲು. ಡ್ಯಾಮಿನ ಗರಿಷ್ಠ ಮಟ್ಟ 519.60 ಮೀಟರ್, ಇವತ್ತಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ತುಂಬಿದರೆ 123 ಟಿಎಂಸಿ ನೀರು ಹಿಡಿಯುವ ಲಾಲ್ ಬಹಾದ್ದೂರ್ ಶಾಸ್ತ್ರಿ ಸಾಗರದ ಜಾತಕ ಅಷ್ಟರಲ್ಲೇ ಮುಗಿಯಿತು. ಚಹಾದಂಗಡಿಯಲ್ಲಿ, ಸ್ಟೇಷನ್ನಿನ ಕಟ್ಟೆಯ ಮೇಲೆ, ನಿಡಗುಂದಿ ಬಸ್ಸಿನಲ್ಲಿ ಜನ ಮೊದಲು ನೋಡುವುದು ಕೊನೆಯ ಸಾಲನ್ನು. ಹೊರಹರಿವು ಏರಿತೆಂದರೆ ಇಪ್ಪತ್ತಾರು ಗೇಟುಗಳಲ್ಲಿ ಕೆಲವಾದರೂ ಎದ್ದವು ಅಂತ ಅರ್ಥ. ಕೆಳಗಿನ ಹೊಳೆದಂಡೆಯವರು ಪಂಪ್‌ಸೆಟ್ಟು ಎತ್ತಿಕೊಂಡು ಮೇಲೆ ಬರಬೇಕು.

ಈ ನಾಲ್ಕು ಸಾಲಿಗೆ ದೊಡ್ಡ ಫೋನೇನೂ ಬೇಕಿಲ್ಲ. ಸಾವಿರ ರೂಪಾಯಿಯ ಗುಂಡಿ ಫೋನಿಗೆ ಎಸ್ಸೆಮ್ಮೆಸ್ಸು ಹಾಕಿದರೂ ತಲುಪುತ್ತದೆ. ಆದರೆ ನಾನು 2010ರಿಂದ ಈಚೆಗೆ ಏಳು ಫೋನು ಕೊಂಡಿದ್ದೇನೆ. ಒಂದೊಂದನ್ನು ಕೊಳ್ಳುವ ಮುಂಚೆಯೂ ತಿಂಗಳುಗಟ್ಟಲೆ ಅದನ್ನು ಇದರ ಜೊತೆ, ಇದನ್ನು ಅದರ ಜೊತೆ ಇಟ್ಟು ತೂಗಿದ್ದೇನೆ. ಹೆಣ್ಣು ನೋಡಲು ಹೋದಾಗಲೂ ನಾನು ಇಷ್ಟು ವಿಚಾರ ಮಾಡಿರಲಿಲ್ಲ ಎಂದು ಹೆಂಡತಿ ಇವತ್ತಿಗೂ ಆಡಿಕೊಳ್ಳುತ್ತಾಳೆ. ಅದು ನಗೆಮಾತು. ನಗೆಮಾತಲ್ಲದ್ದು ಒಂದಿದೆ, ಅದನ್ನು ಬರೆಯಲು ಕೂತಿದ್ದೇನೆ.

ಆಲಮಟ್ಟಿಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಝೆರಾಕ್ಸು, ಲ್ಯಾಮಿನೇಷನ್ನು, ಲಗ್ನಪತ್ರಿಕೆ, ಅರ್ಜಿ. ಅರ್ಜಿ ಎಂದರೆ ಹೆಚ್ಚಿನಂಶ ಮುಳುಗಡೆಯವರ ಅರ್ಜಿ. ಮನೆ ಹೋಯಿತು, ಹೊಲ ಹೋಯಿತು, ಪರಿಹಾರದಲ್ಲಿ ಇಂಥ ಸರ್ವೆ ನಂಬರು ಬಿಟ್ಟುಹೋಗಿದೆ, ಪುನರ್ವಸತಿ ಕೇಂದ್ರದಲ್ಲಿ ಪ್ಲಾಟು ಸಿಕ್ಕಿಲ್ಲ. 2010ರ ಡಿಸೆಂಬರಿನಲ್ಲಿ ಎರಡನೇ ಕೃಷ್ಣಾ ನ್ಯಾಯಾಧಿಕರಣ ಡ್ಯಾಮಿನ ಮಟ್ಟವನ್ನು 524.256 ಮೀಟರಿಗೆ ಏರಿಸಬಹುದು ಎಂದು ಹೇಳಿದ ಮೇಲಂತೂ ಇನ್ನೂ ಮುಳುಗದ ಊರಿನವರೂ ನನ್ನ ಸ್ಟೂಲಿನ ಮೇಲೆ ಬಂದು ಕೂತರು. ಬೆಳಿಗ್ಗೆಯಿಂದ ಸಂಜೆವರೆಗೆ ನಾನು ಟೈಪು ಮಾಡುವುದು ಕನ್ನಡವನ್ನೇ. ನುಡಿ ತಂತ್ರಾಂಶ, ಅದರಲ್ಲಿ ಕೆ.ಪಿ. ರಾವ್ ಅವರ ಜಾಡಿನ ಕೀಲಿಮಣೆ. ಕಣ್ಣು ಮುಚ್ಚಿದರೂ ಬೆರಳು ತಪ್ಪುವುದಿಲ್ಲ.

ಅದೇ ಬೆರಳು ಫೋನು ಹಿಡಿದರೆ ಕನ್ನಡ ಮರೆಯುತ್ತಿತ್ತು. ತಂಗಿಗೂ, ಗೆಳೆಯರಿಗೂ, ಪ್ರೆಸ್ಸಿನವರಿಗೂ ನಾನು ಕಳಿಸುತ್ತಿದ್ದದ್ದು ಇಂಗ್ಲಿಷ್ ಅಕ್ಷರದ ಕನ್ನಡ. ಒಮ್ಮೆ ಸಿಂದಗಿಯ ತಂಗಿಗೆ ತೊಗರಿ ‘ಕಾಳು ಕಳಿಸು’ ಎಂದು ಹಾಕಿದ್ದೆ. ಇಂಗ್ಲಿಷಿನ ಎಲ್ ಅಕ್ಷರಕ್ಕೆ ಲ, ಳ ಎಂಬ ಭೇದವಿಲ್ಲ. ಅವಳು ಗಾಬರಿಯಾಗಿ ಫೋನು ಮಾಡಿದಳು: "ಅಣ್ಣಾ, ಯಾರ ಕಾಲಿಗೆ ಏನಾತು?" ಕೇಳಿದವರಿಗೆ ನನ್ನ ಹತ್ತಿರ ಒಂದು ಉತ್ತರ ತಯಾರಿತ್ತು. ಇಂಗ್ಲಿಷ್ ಅಕ್ಷರದಲ್ಲಾದರೆ ಒಂದು ಎಸ್ಸೆಮ್ಮೆಸ್ಸಿಗೆ 160 ಅಕ್ಷರ ಹಿಡಿಯುತ್ತವೆ, ಕನ್ನಡದಲ್ಲಾದರೆ 70 ಮಾತ್ರ, ಸುಮ್ಮನೆ ದುಡ್ಡು ಯಾಕೆ ಕಳೆಯಬೇಕು? ಲೆಕ್ಕ ಸರಿಯಾಗಿಯೇ ಇತ್ತು. ಹೇಳುತ್ತಿದ್ದ ಕಾರಣ ಮಾತ್ರ ಸುಳ್ಳು. ಕನ್ನಡ ಅಂಗಡಿಯ ಕೆಲಸ, ಫೋನು ದೊಡ್ಡವರ ವಸ್ತು ಎಂದು ನಾನು ಒಳಗೊಳಗೇ ವಿಂಗಡಿಸಿಬಿಟ್ಟಿದ್ದೆ.

ಮೊದಲನೆಯ ತುಲನೆ 2010ರದು. ಗೊಬ್ಬರದಂಗಡಿಯವರು ಕೊಟ್ಟ ಕೆಂಪು ರಟ್ಟಿನ ಡೈರಿಯಲ್ಲಿ ಆಗಸ್ಟ್ ತಿಂಗಳ ಎರಡು ಪುಟ ತುಂಬ ಸ್ಕೇಲು ಹಿಡಿದು ಗೆರೆ ಎಳೆದಿದ್ದೇನೆ. ಆ ಡೈರಿ ಇನ್ನೂ ನನ್ನ ಹತ್ತಿರವಿದೆ. ಎಡಕ್ಕೆ ಬ್ಲ್ಯಾಕ್‌ಬೆರಿ ಕರ್ವ್ 8520, ಬಲಕ್ಕೆ ನೋಕಿಯಾ ಇ63. ಎರಡಕ್ಕೂ ಪೂರ್ತಿ ಕೀಲಿಮಣೆ, ಎರಡಕ್ಕೂ ಎರಡು ಮೆಗಾಪಿಕ್ಸೆಲ್ ಕ್ಯಾಮೆರಾ. ನೋಕಿಯಾದ ಬ್ಯಾಟರಿ 1500 ಎಂಎಎಚ್, ಬ್ಲ್ಯಾಕ್‌ಬೆರಿಯದು 1150. ನೋಕಿಯಾದಲ್ಲಿ 3ಜಿ ಇತ್ತು, ಬ್ಲ್ಯಾಕ್‌ಬೆರಿಯಲ್ಲಿ ಇರಲಿಲ್ಲ. ಆದರೆ ಖಾಸಗಿ ಕಂಪನಿಗಳಿಗೆ 3ಜಿ ಹರಾಜು ಆ ವರ್ಷದ ಮೇ ತಿಂಗಳಲ್ಲಿ ಆಗಿತ್ತಷ್ಟೆ, ಆದ್ದರಿಂದ ಆ ಸಾಲಿಗೆ ಸೊನ್ನೆ. ನೋಕಿಯಾ ನಾಲ್ಕೈದು ಸಾವಿರ ಅಗ್ಗ. ಬ್ಲ್ಯಾಕ್‌ಬೆರಿಗೆ ತಿಂಗಳು ತಿಂಗಳು ಬೇರೆಯೇ ಪ್ಯಾಕು ಹಾಕಿಸಬೇಕು. ಇಷ್ಟೆಲ್ಲ ನಾನೇ ನನ್ನ ಕೈಯಾರೆ ಬರೆದಿದ್ದೇನೆ.

ಇನ್ನೊಂದು ಸಾಲು ಟಾರ್ಚಿನದು. ಇ63ರಲ್ಲಿ ಸ್ಪೇಸ್ ಗುಂಡಿಯನ್ನು ಒತ್ತಿ ಹಿಡಿದರೆ ಹಿಂದಿನ ಫ್ಲ್ಯಾಶು ಹೊತ್ತಿಕೊಂಡು ಬ್ಯಾಟರಿಯ ಹಾಗೆ ಬೆಳಕು ಬೀಳುತ್ತಿತ್ತು. ಕರ್ವಿನಲ್ಲಿ ಫ್ಲ್ಯಾಶೇ ಇಲ್ಲ. ಆ ಸಾಲಿನಲ್ಲಿ ನೋಕಿಯಾದ ಕೆಳಗೆ ‘ಇದೆ’ ಎಂದು ಬರೆದು, ಅಂಕ ಕೊಡುವ ಜಾಗದಲ್ಲಿ ಒಂದು ಅಡ್ಡಗೆರೆ ಎಳೆದಿದ್ದೇನೆ. ಸ್ಮಾರ್ಟ್‌ಫೋನಿಗೆ ಟಾರ್ಚಿನಿಂದ ಅಂಕ ಕೊಡುವುದೆಂದರೆ ಕಾರಿಗೆ ಗಂಟೆ ಕಟ್ಟಿದ್ದಕ್ಕೆ ಅಂಕ ಕೊಟ್ಟ ಹಾಗೆ ಎಂದು ಆಗ ಅನ್ನಿಸಿತ್ತು.

ಕೊನೆಗೆ ಗೆದ್ದದ್ದು ಬ್ಲ್ಯಾಕ್‌ಬೆರಿ. ಅದು ಗೆಲ್ಲುವವರೆಗೆ ನಾನು ಸಾಲು ಸೇರಿಸುತ್ತ ಹೋಗಿದ್ದೇನೆ. ಹನ್ನೊಂದನೆಯ ಸಾಲು ‘ಮೇಲ್ ತಾನಾಗಿ ಬರುವುದು’, ಹತ್ತಕ್ಕೆ ಹತ್ತು. ಹನ್ನೆರಡನೆಯ ಸಾಲು ‘ಗಾಂಭೀರ್ಯ’, ಹತ್ತಕ್ಕೆ ಹತ್ತು. ಗಾಂಭೀರ್ಯ! ಗ ಕಾರದ ಕೆಳಗೆ ಎರಡು ಸಲ ಗೀಟು ಬೇರೆ ಹಾಕಿದ್ದೇನೆ. ಹದಿನಾಲ್ಕು ಸಾಲುಗಳಲ್ಲಿ ‘ಕನ್ನಡ ಕಾಣುತ್ತದೆಯೋ ಇಲ್ಲವೋ’ ಎಂಬ ಸಾಲು ಎಲ್ಲೂ ಇಲ್ಲ. ಕನ್ನಡ ಟೈಪು ಮಾಡಿ ಹೊಟ್ಟೆ ಹೊರೆಯುವವನು ಹಾಕಿದ ಪಟ್ಟಿ ಇದು.

ಆ ವರ್ಷ ಪೇಪರುಗಳ ತುಂಬ ಬ್ಲ್ಯಾಕ್‌ಬೆರಿಯದೇ ಸುದ್ದಿ. ಅದರ ಸಂದೇಶಗಳನ್ನು ನಮ್ಮ ಭದ್ರತಾ ಸಂಸ್ಥೆಗಳು ಓದಲು ಆಗುತ್ತಿಲ್ಲ, ದಾರಿ ಮಾಡಿಕೊಡದಿದ್ದರೆ ಸೇವೆ ನಿಲ್ಲಿಸುತ್ತೇವೆ ಎಂದು ಕೇಂದ್ರ ಸರಕಾರ ಆಗಸ್ಟ್ 31ರ ಗಡುವು ಕೊಟ್ಟಿತ್ತು. ನಾನು ಹಿಗ್ಗಿ ಹೀರೇಕಾಯಿಯಾದೆ. ದಿಲ್ಲಿಯವರೂ ಒಡೆಯಲಾಗದ ಬೀಗದೊಳಗೆ ನನ್ನ ಮೇಲುಗಳು! ಆ ಮೇಲುಗಳಲ್ಲಿ ಇರುತ್ತಿದ್ದದ್ದು ‘ನಿಮ್ಮ ಆಶೀರ್ವಾದವೇ ಉಡುಗೊರೆ’ ಎಂಬ ಸಾಲಿನ ಫಾಂಟು ದಪ್ಪ ಮಾಡಿ ಎಂಬಂಥ ಗುಟ್ಟುಗಳು. ಆ ಗಟ್ಟಿ ಬೀಗ ಮುಖ್ಯವಾಗಿ ದೊಡ್ಡ ಕಂಪನಿಗಳು ತಮ್ಮದೇ ಸರ್ವರ್ ಇಟ್ಟುಕೊಂಡು ಬಳಸುವ ಸೇವೆಗೆ, ನನ್ನಂಥ ಚಿಲ್ಲರೆ ಗಿರಾಕಿಗಲ್ಲ ಎಂಬುದು ತಿಳಿಯುವ ಹೊತ್ತಿಗೆ ಊರೆಲ್ಲ ಹೇಳಿ ಮುಗಿಸಿದ್ದೆ.

ಮೇಲ್ ತಾನಾಗಿ ಬರುತ್ತಿತ್ತು, ಅದು ಖರೆ. ಬಂದಾಗ ಫೋನಿನ ಬಲಗಡೆಯ ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಕೆಂಪು ದೀಪ ಮಿಣುಕುತ್ತಿತ್ತು. ಆದರೆ ತೆರೆದರೆ? ನುಡಿಯಲ್ಲಿ ಟೈಪು ಮಾಡಿದ ‘ಕ’ ಕಂಪ್ಯೂಟರಿನ ಹೊಟ್ಟೆಯೊಳಗೆ ಕನ್ನಡದ ‘ಕ’ ಅಲ್ಲ. ಅದು ಇಂಗ್ಲಿಷಿನ ಪಿ, ಪಕ್ಕಕ್ಕೆ ತಲೆಯ ಮೇಲೆ ಗೀರಿರುವ ಒಂದು ಎ. ‘ನ’ಕ್ಕೆ ಬ್ರಿಟಿಷರ ಪೌಂಡಿನ ಚಿಹ್ನೆ. ನುಡಿಯ ಫಾಂಟು ಇರುವಲ್ಲಿ ಇವೆಲ್ಲ ಕನ್ನಡದ ವೇಷ ಹಾಕಿಕೊಂಡು ನಿಲ್ಲುತ್ತವೆ, ಇಲ್ಲದಲ್ಲಿ ವೇಷ ಕಳಚಿ ಬೀಳುತ್ತದೆ. ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ವಂತದ ಜಾಗ 1991ರಲ್ಲೇ ಸಿಕ್ಕಿತ್ತು. ಆದರೆ ನಾವು ಡಿಟಿಪಿಯವರು ನಮ್ಮ ಪೇಜ್‌ಮೇಕರು, ನಮ್ಮ ಹಳೆಯ ಫಾಂಟು ಬಿಟ್ಟು ಕದಲಲಿಲ್ಲ. ಇನ್ನು ಆ ಬ್ಲ್ಯಾಕ್‌ಬೆರಿಗೆ ಯೂನಿಕೋಡಿನ ಕನ್ನಡ ಕಳಿಸಿದರೂ ಸಾಲುಸಾಲು ಖಾಲಿ ಡಬ್ಬಿ. ಆ ದೀಪ ಮಿಣುಕಿದಾಗಲೆಲ್ಲ ನಾನು ಊಟ ಬಿಟ್ಟು, ಮಾತು ಬಿಟ್ಟು, ಗಂಭೀರವಾಗಿ ಫೋನು ತೆರೆದು ಪೌಂಡಿನ ಚಿಹ್ನೆಗಳನ್ನು ನೋಡುತ್ತ ಕೂರುತ್ತಿದ್ದೆ.

ಒಮ್ಮೆ ಬಾಗಲಕೋಟೆಯ ನವನಗರದಲ್ಲಿ ಒಂದು ಊಟದ ಮನೆಯಲ್ಲಿದ್ದಾಗ ಹೀಗೇ ಆಯಿತು. ನಮ್ಮ ಕಡೆಯ ಒಬ್ಬ ಹಿರಿಯರ ಪರಿಹಾರದ ಪ್ರಕರಣ, ಅವರ ವಕೀಲರು ನನ್ನ ಮೇಲಿಗೆ ಪತ್ರ ಕಳಿಸುತ್ತಿದ್ದರು. ಹಿರಿಯರು ಅಂದು ನನ್ನ ಪಕ್ಕದ ಎಲೆಯಲ್ಲೇ ಕೂತಿದ್ದರು.

"ವಕೀಲರದೇನ್ರಿ? ಏನ್ ಬರದಾರ?"

ತೆರೆದೆ. ಪಿ, ಎ, ಪೌಂಡು. ಓದಲು ಬರುವುದಿಲ್ಲ ಎನ್ನಬೇಕಿತ್ತು. "ಏನೂ ವಿಶೇಷ ಇಲ್ರಿ, ಸಾವಕಾಶ ಹೇಳ್ತೀನಿ" ಅಂದೆ. ಸಂಜೆ ಆಲಮಟ್ಟಿಗೆ ಬಂದು ಅಂಗಡಿಯ ಕಂಪ್ಯೂಟರಿನಲ್ಲಿ ನೋಡಿದರೆ ಮರುದಿನ ಬೆಳಿಗ್ಗೆ ವಿಚಾರಣೆ, ಮೂಲ ಉತಾರೆ ತೆಗೆದುಕೊಂಡು ಬನ್ನಿ ಎಂದು ಬರೆದಿತ್ತು. ರಾತ್ರಿಯೇ ಅವರ ಮನೆಗೆ ಓಡಿದೆ. ಬೆಳಗಿನ ಮೊದಲ ಬಸ್ಸಿಗೆ ಹತ್ತಿಸಿದೆ, ಹೇಗೋ ಹೊತ್ತಿಗೆ ಸರಿಯಾಗಿ ಮುಟ್ಟಿದರು. ನನಗೆ ಬುದ್ಧಿ ಬಂತೇ? ಬಂತು, ಅರ್ಧ. ವಕೀಲರಿಗೆ ಇನ್ನು ಮುಂದೆ ಪಿಡಿಎಫ್ ಮಾಡಿ ಕಳಿಸಿ ಅಂದೆ. ಆ ಹಿರಿಯರಿಗೆ ಮಾತ್ರ ಅಂದು ಊಟದ ಎಲೆಯ ಮುಂದೆ ನಾನು ಓದಿರಲೇ ಇಲ್ಲ ಎಂದು ಹೇಳಲಿಲ್ಲ.

ಬ್ಲ್ಯಾಕ್‌ಬೆರಿಯಿಂದ ಕಳಿಸಿದ ಮೇಲಿನ ಬುಡದಲ್ಲಿ, ಇದು ನನ್ನ ಬ್ಲ್ಯಾಕ್‌ಬೆರಿಯಿಂದ ಬಂದದ್ದು ಎಂದು ಇಂಗ್ಲಿಷಿನಲ್ಲಿ ಒಂದು ಸಾಲು ತಾನೇ ಬೀಳುತ್ತಿತ್ತು. ಕಂಪನಿ ಮಾಡಿಕೊಂಡ ಪುಕ್ಕಟೆ ಜಾಹೀರಾತು ಅದು. ಬೇಡವೆಂದರೆ ತೆಗೆಯಬಹುದಿತ್ತು. ನಾನು ತೆಗೆಯಲಿಲ್ಲ. ಅದಕ್ಕಿಂತ ನಾಚಿಕೆಯ ಸಂಗತಿಯನ್ನು ಇಷ್ಟು ದಿನ ಯಾರಿಗೂ ಹೇಳಿಲ್ಲ: 2013ರ ಕೊನೆಗೆ ನಾನು ಆ ಫೋನು ಬಿಟ್ಟು ಸ್ಯಾಮ್‌ಸಂಗಿನ ಆಂಡ್ರಾಯ್ಡಿಗೆ ಬಂದ ಮೇಲೆ ಆ ಸಾಲನ್ನು ನನ್ನ ಕೈಯಿಂದಲೇ ಟೈಪು ಮಾಡಿ ಮೇಲಿನ ಸಹಿಯಲ್ಲಿ ಇಟ್ಟಿದ್ದೆ. ಸುಮಾರು ಎಂಟು ತಿಂಗಳು. ಆ ಸಾಲಿನಲ್ಲಿ ಒಬ್ಬ ಮನುಷ್ಯನಿದ್ದ. ಆತ ವಿಮಾನ ನಿಲ್ದಾಣದಲ್ಲಿ ಚೀಲ ಎಳೆಯುತ್ತ ಒಂದು ಕೈಯಲ್ಲಿ ಉತ್ತರ ಬರೆಯುತ್ತಾನೆ, ಆತನಿಗೆ ಬಿಡುವಿಲ್ಲ. ನಾನಿದ್ದದ್ದು ಆಲಮಟ್ಟಿ ಸ್ಟೇಷನ್ನಿನಲ್ಲಿ, ಗದಗ ಕಡೆಯ ಪ್ಯಾಸೆಂಜರು ಯಾಕೆ ಬಂದಿಲ್ಲ ಎಂದು ಶೇಂಗಾ ಸುಲಿಯುತ್ತ. ಡೈರಿಯಲ್ಲಿ ನಾನು ತೂಗುತ್ತಿದ್ದದ್ದು ಆತನಿಗೆ ಬೇಕಾದ ಫೋನುಗಳನ್ನು.

ಮುಂದಿನ ತುಲನೆಗಳನ್ನೆಲ್ಲ ವಿವರಿಸಿ ನಿಮ್ಮ ತಲೆ ತಿನ್ನುವುದಿಲ್ಲ. ನೋಕಿಯಾ ಲೂಮಿಯಾ ಒಂದು ಸಲ ಬಂತು, ಹೋಯಿತು. 2012ರ ಆಂಡ್ರಾಯ್ಡ್ 4.1ರಲ್ಲಿ ಕನ್ನಡ ಕಾಣತೊಡಗಿತ್ತು. ಐಫೋನಿಗೆ ಆಪಲ್‌ನದೇ ಕನ್ನಡ ಕೀಲಿಮಣೆ ಬಂದದ್ದು 2017ರ ಐಓಎಸ್ 11ರಲ್ಲಿ. ಇವೆಲ್ಲ ನನಗೆ ಬಾಯಿಪಾಠ. ಯಾಕೆಂದರೆ ಅಷ್ಟು ಹೊತ್ತಿಗೆ ಊರಲ್ಲಿ ಯಾರು ಫೋನು ಕೊಳ್ಳಬೇಕಾದರೂ ನನ್ನ ಅಂಗಡಿಗೆ ಬಂದು ಕೇಳುವ ರೂಢಿ ಬಿದ್ದಿತ್ತು. ಮಾಸ್ತರರು, ಮೀನಿನಂಗಡಿಯವರು, ಲೈನ್‌ಮನ್ನು, ನರ್ಸಕ್ಕ. "ನಿಮಗ ಯಾತಕ್ಕ ಬೇಕ್ರಿ?" ಎಂದು ನಾನು ಒಬ್ಬರನ್ನೂ ಕೇಳಿದ ನೆನಪಿಲ್ಲ. "ಎಷ್ಟರಾಗ ಬೇಕು?" ಎಂದು ಕೇಳುತ್ತಿದ್ದೆ, ಆಮೇಲೆ ಆ ದುಡ್ಡಿನಲ್ಲಿ ನನಗೆ ಬೇಕಾದ ಫೋನನ್ನು ಅವರ ಕೈಯಲ್ಲಿ ಕೊಡಿಸುತ್ತಿದ್ದೆ.

ಈಗ ಸೋದರಮಾವನ ವಿಷಯ.

ಮಾವನ ಊರು ಮುದ್ದೇಬಿಹಾಳ ತಾಲೂಕಿನ ಹೊಳೆದಂಡೆಯಲ್ಲಿ, ಡ್ಯಾಮಿನಿಂದ ಕೆಳಗೆ. ಎರಡೂವರೆ ಎಕರೆ, ಅರ್ಧ ಕಬ್ಬು, ಅರ್ಧ ಉಳ್ಳಾಗಡ್ಡಿ. ಹೊಳೆಗೆ ಐದು ಎಚ್‌ಪಿಯ ಮೋಟಾರು ಇಟ್ಟಿದ್ದರು. ಹೊಸ ಫೋನು ಬಂದ ಮೇಲೆ ಕರ್ವನ್ನು ಮಾರಲು ವಿಜಯಪುರಕ್ಕೆ ಒಯ್ದಿದ್ದೆ. ಅಂಗಡಿಯವನು ತಿರುವಿ ಮುರುವಿ ನೋಡಿ ಐದುನೂರು ಅಂದ. ಹದಿನೈದು ಸಾವಿರದ ಗಾಂಭೀರ್ಯ! ಸಿಟ್ಟಿನಿಂದ ವಾಪಸು ತಂದು, "ಮಾವಾ, ಇದು ನಿಮಗಿರಲಿ. ದೊಡ್ಡ ದೊಡ್ಡ ಆಫೀಸರ್‌ಗೋಳು ಇಟ್ಕೊಳ್ಳೂ ಫೋನ್ರಿ ಇದು" ಎಂದು ದಾನಶೂರನ ಗತ್ತಿನಲ್ಲಿ ಕೊಟ್ಟೆ. ಮಾವ ಅದನ್ನು ಪಟಕದ ತುದಿಯಿಂದ ಒರೆಸಿ ಅಂಗಿಯ ಒಳಕಿಸೆಯಲ್ಲಿ ಇಟ್ಟುಕೊಂಡರು.

ಅದರಲ್ಲಿ ನಾನೇ ವಾಟ್ಸ್ಯಾಪ್ ಹಾಕಿಕೊಟ್ಟಿದ್ದೆ. ಮಾವನಿಗೆ ಕನ್ನಡ ಚೆನ್ನಾಗಿ ಓದಲು ಬರುತ್ತದೆ, ಇಂಗ್ಲಿಷ್ ಬಾರದು. ಫೋನಿಗೆ ಇಂಗ್ಲಿಷ್ ಬರುತ್ತದೆ, ಕನ್ನಡ ಬಾರದು. ನಡುವಿನ ಭಾಷೆ ಅಂಕಿ. ಡ್ಯಾಮಿನ ಮೆಸೇಜಿನಿಂದ ನಾನು ಎರಡೇ ಅಂಕಿ ಎತ್ತಿ ಕಳಿಸುತ್ತಿದ್ದೆ, ಒಂದರ ಮುಂದೆ ಇನ್, ಇನ್ನೊಂದರ ಮುಂದೆ ಔಟ್. ಬಸ್‌ಸ್ಟ್ಯಾಂಡಿನ ಗೇಟಿನ ಮೇಲೆ ನೋಡಿ ನೋಡಿ ಆ ಎರಡು ಶಬ್ದ ಅವರಿಗೆ ಗುರುತು ಹತ್ತಿದ್ದವು. ಅವರಿಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಕೆಂಪು ದೀಪ. ಮನೆಯ ಪಡಸಾಲೆಯ ಗೂಡಿನಲ್ಲಿ ಫೋನು ಇಟ್ಟು ಹೊರಸಿನ ಮೇಲೆ ಮಲಗಿದರೆ ಕತ್ತಲಲ್ಲಿ ದೀಪ ಕಾಣುತ್ತಿತ್ತು. "ಅದು ಮಿಣುಕಿತು ಅಂದ್ರ ಹೊಳಿ ಸುದ್ದಿ ಬಂತು ಅಂತ ಎದ್ದು ಕೂಡ್ತೀನಿ ನೋಡಪಾ. ನನಗೇನ ಬ್ಯಾರೆ ಯಾರು ಕಳಿಸ್ತಾರ?" ಅನ್ನುತ್ತಿದ್ದರು. ನಾಲ್ಕು ಮಳೆಗಾಲ ಹಾಗೆ ನಡೆಯಿತು. ಆ ಫೋನು ನನ್ನ ಹತ್ತಿರ ಇದ್ದಾಗ ಒಂದು ದಿನವೂ ಇಷ್ಟು ಉಪಯೋಗಕ್ಕೆ ಬಿದ್ದಿರಲಿಲ್ಲ.

2017ರ ಡಿಸೆಂಬರ್ 31ಕ್ಕೆ ವಾಟ್ಸ್ಯಾಪ್ ಹಳೆಯ ಬ್ಲ್ಯಾಕ್‌ಬೆರಿಗಳನ್ನು ಕೈಬಿಟ್ಟಿತು. ಮೊದಲೇ ಹೇಳಿಯೇ ಬಿಟ್ಟಿತ್ತು. ನಾನು ಓದಿದ್ದೆ, ಓದಿ ಅಂಗಡಿಯಲ್ಲಿ ನಾಲ್ಕು ಜನರಿಗೆ ಹೇಳಿಯೂ ಇದ್ದೆ, ನೋಡ್ರಿ ಎಂಥಾ ಕಂಪನಿ ಹೆಂಗಾತು ಎಂದು. ಮಾವ ನೆನಪಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ನೆನಪಾಯಿತು, ಮಳೆಗಾಲಕ್ಕೆ ಇನ್ನೂ ಆರು ತಿಂಗಳಿದೆ ಎಂದೂ ಜೊತೆಗೇ ನೆನಪಾಯಿತು.

ಏಪ್ರಿಲ್‌ನಲ್ಲಿ ಒಂದು ಲಗ್ನದಲ್ಲಿ ಮಾವ ಸಿಕ್ಕರು. ಕಿಸೆಯಿಂದ ಫೋನು ತೆಗೆದು ಕೈಗೆ ಕೊಟ್ಟರು. "ಏನೋ ಇಂಗ್ಲೀಷಿನಾಗ ಬರದು ಕುಂತೈತಿ. ಓದಿ ಹೇಳು." ಓದಿದೆ. ಈ ಫೋನಿನಲ್ಲಿ ಇನ್ನು ವಾಟ್ಸ್ಯಾಪ್ ನಡೆಯುವುದಿಲ್ಲ ಎಂಬುದು ಅದರ ತಾತ್ಪರ್ಯ. ಆಫೀಸರ್‌ಗಳು ಇಟ್ಟುಕೊಳ್ಳುವ ಫೋನು ಎಂದು ಕೊಟ್ಟವನು ನಾನೇ. ಅದು ಸತ್ತಿದೆ ಎಂದು ನಾಲ್ಕು ಜನ ಬೀಗರ ಮುಂದೆ ಹೇಳಲು ಬಾಯಿ ಬರಲಿಲ್ಲ.

"ಅಪ್‌ಡೇಟ್ ಕೇಳಾಕತ್ತೈತ್ರಿ ಮಾವಾ. ಊರಿಗಿ ಬಂದಾಗ ಮಾಡಿಕೊಡ್ತೀನಿ."

"ಮಳಿ ಹತ್ತೂದ್ರಾಗ ಬಾ ಮತ್ತ."

ನಾನು ಹೋಗಲಿಲ್ಲ. ಮೇ, ಜೂನ್ ಎರಡೂ ತಿಂಗಳು ನಾನು ಬಹಳ ಬಿಡುವಿಲ್ಲದ ಮನುಷ್ಯನಾಗಿದ್ದೆ. ಒಂದು ಕಡೆ ರೆಡ್‌ಮಿ ನೋಟ್ 5 ಪ್ರೊ, ಇನ್ನೊಂದು ಕಡೆ ಏಸೂಸ್ ಝೆನ್‌ಫೋನ್ ಮ್ಯಾಕ್ಸ್ ಪ್ರೊ. ಎರಡಕ್ಕೂ ಒಂದೇ ಸ್ನ್ಯಾಪ್‌ಡ್ರ್ಯಾಗನ್ 636. ಅದಕ್ಕೆ 4000 ಎಂಎಎಚ್ ಬ್ಯಾಟರಿ, ಇದಕ್ಕೆ 5000. ಕ್ಯಾಮೆರಾದಲ್ಲಿ ಅದು ಮೇಲು, ಬೆಲೆಯಲ್ಲಿ ಇದು ಹಗುರ. ಮಧ್ಯಾಹ್ನ ಹನ್ನೆರಡಕ್ಕೆ ಫ್ಲ್ಯಾಶ್ ಸೇಲು. ಹನ್ನೊಂದು ಐವತ್ತೈದಕ್ಕೆ ಗಿರಾಕಿಗಳಿಗೆ ಹತ್ತು ನಿಮಿಷ ತಾಳ್ರಿ ಎಂದು ಹೇಳಿ ಕಂಪ್ಯೂಟರು, ಫೋನು ಎರಡರಲ್ಲೂ ಬೆರಳಿಟ್ಟು ಕಾಯುತ್ತಿದ್ದೆ. ಆಲಮಟ್ಟಿಯಿಂದ ಮಾವನ ಊರಿಗೆ ಮೋಟರ್‌ಸೈಕಲ್ಲಿನಲ್ಲಿ ಒಂದು ತಾಸಿನ ದಾರಿ.

ಆ ಮಳೆಗಾಲ ಮಹಾರಾಷ್ಟ್ರದ ಕಡೆ ಮಳೆ ಹಿಡಿಯಿತು. ಡ್ಯಾಮು ತುಂಬುತ್ತ ಬಂತು, ಗೇಟು ತೆಗೆದರು. ರಾತ್ರಿ ಹತ್ತರ ಸುಮಾರಿಗೆ ಹೊರಹರಿವು ಏರಿಸಿದ ಸುದ್ದಿ ಗುಂಪಿನಲ್ಲಿ ಬಂತು. ರೂಢಿಯ ಪ್ರಕಾರ ಎರಡು ಅಂಕಿ ಎತ್ತಿ ಮಾವನ ಹೆಸರಿಗೆ ಹಾಕಿದೆ, ಇನ್, ಔಟ್. ಒಂದು ಗೀಟು ಬಂತು. ಎರಡನೆಯ ಗೀಟು ಬರಲಿಲ್ಲ. ನಾನು ನೋಡಲಿಲ್ಲ ಎನ್ನಲಾರೆ, ನೋಡಿದೆ. ಹೊಸ ಫೋನಿನ ಪರದೆಯಲ್ಲಿ ಅದು ಎಷ್ಟು ಚೊಕ್ಕವಾಗಿ ಕಾಣುತ್ತಿತ್ತೆಂದರೆ ನೋಡದೇ ಇರಲು ಸಾಧ್ಯವೇ ಇರಲಿಲ್ಲ. ಆ ಒಂಟಿ ಗೀಟಿನ ಮೇಲೆಲ್ಲ ಹಿಂದಿನ ವರ್ಷದ ಅಂಕಿಗಳು, ಎಲ್ಲಕ್ಕೂ ಎರಡೆರಡು ಗೀಟು. ಫೋನು ಮಾಡಬಹುದಿತ್ತು, ಒಂದು ರಿಂಗು ಸಾಕಿತ್ತು. ಕಳಿಸಿದ್ದೇನಲ್ಲ ಎಂದುಕೊಂಡು ಫೋನನ್ನು ಚಾರ್ಜಿಗೆ ಹಚ್ಚಿ ಮಲಗಿದೆ.

ಬೆಳಿಗ್ಗೆ ಫೋನು ಬಂದದ್ದು ಮಾವನ ಪಕ್ಕದ ಮನೆಯಿಂದ. ರಾತ್ರಿ ಮೂರಕ್ಕೆ ನಾಯಿ ಬೊಗಳಿದ್ದಕ್ಕೆ ಎದ್ದು ನೋಡಿದರೆ ಹೊಳೆ ದಂಡೆ ಏರುತ್ತಿತ್ತಂತೆ. ಮಾವ, ಪಕ್ಕದ ಮನೆಯ ಹುಡುಗ ಇಬ್ಬರೇ ಎದೆಮಟ್ಟ ನೀರಿನಲ್ಲಿ ಇಳಿದು ಮೋಟಾರನ್ನು ಹಗ್ಗ ಕಟ್ಟಿ ಎಳೆದಿದ್ದಾರೆ. ಮೋಟಾರು ಉಳಿಯಿತು. ಫುಟ್‌ವಾಲ್ವು, ನಾಲ್ಕು ಪೈಪು, ಸ್ಟಾರ್ಟರಿನ ಡಬ್ಬಿ ಹೋದವು. ಪೈಪಿನ ಅಂಚು ಬಡಿದು ಮಾವನ ಮೊಣಕಾಲ ಕೆಳಗೆ ಗೇಣುದ್ದ ಸೀಳಿತ್ತು. ಎರಡು ಸೆಲ್ಲಿನ ಬ್ಯಾಟರಿ ನೀರಿಗೆ ಬಿದ್ದು ಆರಿಹೋದ ಮೇಲೆ ಹುಡುಗ ತನ್ನ ಮೊಬೈಲಿನ ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡು ಗಂಟು ಬಿಚ್ಚಿದನಂತೆ.

ಟಾರ್ಚ್. ಅಡ್ಡಗೆರೆ.

ಮಧ್ಯಾಹ್ನದ ಹೊತ್ತಿಗೆ ಹೋದೆ. ಮಾವ ಪಡಸಾಲೆಯ ಹೊರಸಿನ ಮೇಲೆ ಕಾಲು ಚಾಚಿ ಕೂತಿದ್ದರು. ಕಾಲಿಗೆ ಬಿಳಿಯ ಪಟ್ಟಿ. ಗೂಡಿನಲ್ಲಿ ಕರ್ವು, ಅದಕ್ಕೆ ಚಾರ್ಜರಿನ ವಾಯರು. ಗೂಡಿನ ಪಕ್ಕದ ಗೋಡೆಯ ಮೇಲೆ ಇದ್ದಿಲಿನಿಂದ ಬರೆದ ಅಂಕಿಗಳ ಎರಡು ಸಾಲು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಹಿಂದಿನ ವರ್ಷಗಳವು. ನಾನು ಕಳಿಸಿದ ಔಟ್ ಅಂಕಿಗಳನ್ನು ತಾರೀಖು ಸಮೇತ ಬರೆದಿಟ್ಟಿದ್ದರು. ಓಣಿಯ ನಾಲ್ಕಾರು ಮನೆಯವರು ಬೆಳಿಗ್ಗೆ ಬಂದು ಅದನ್ನು ನೋಡಿಕೊಂಡು ಹೋಗುತ್ತಿದ್ದರಂತೆ. ನನ್ನ ಡೈರಿಯ ಹಾಗೆ ಸ್ಕೇಲು ಹಿಡಿದ ಗೆರೆ ಇಲ್ಲ. ಸುಣ್ಣದ ಗೋಡೆ ಉಬ್ಬಿದ ಕಡೆ ಅಂಕಿಗಳೂ ಉಬ್ಬಿದ್ದವು. ಆ ವರ್ಷದ ಜಾಗ ಖಾಲಿ ಇತ್ತು.

ಮಾವ ಬಯ್ಯಲಿಲ್ಲ. ಗೂಡಿನ ಕಡೆ ಕೈ ತೋರಿಸಿದರು.

"ನೋಡು, ಚಾರ್ಜಿಗಿ ಹಚ್ಚೇ ಇಟ್ಟೀನಿ. ಕೆಂಪು ದೀಪ ಮಿಣುಕವಲ್ದು. ಅದಕ್ಕ ಇನ್ನೂ ನೀರು ಬಿಟ್ಟಿಲ್ಲ ಅನಕೊಂಡು ಮಲಗಿದ್ನೆಪಾ."

ಹೇಳಲು ಇದಕ್ಕಿಂತ ಒಳ್ಳೆಯ ಹೊತ್ತು ಇರಲಿಲ್ಲ. ಪಡಸಾಲೆಯಲ್ಲಿ ಬೇರೆ ಯಾರೂ ಇರಲಿಲ್ಲ, ಅತ್ತೆ ಒಳಗೆ ರೊಟ್ಟಿ ಬಡಿಯುತ್ತಿದ್ದರು, ಆ ಸಪ್ಪಳದಲ್ಲಿ ನನ್ನ ಮಾತು ಮಾವನನ್ನು ಬಿಟ್ಟು ಇನ್ನೊಬ್ಬರಿಗೆ ಕೇಳಿಸುತ್ತಲೂ ಇರಲಿಲ್ಲ. ನಾನು ಫೋನು ಕೈಗೆ ತೆಗೆದುಕೊಂಡೆ, ಎರಡು ಗುಂಡಿ ಒತ್ತಿದ ಹಾಗೆ ಮಾಡಿದೆ.

"ರಾತ್ರಿ ನೆಟ್‌ವರ್ಕ್ ಇದ್ದಿಲ್ಲ ಅಂತ ಕಾಣಸ್ತದ್ರಿ ಮಾವಾ."

ಮಾವ ನನ್ನ ಮುಖವನ್ನೇ ನೋಡಿದರು. "ಇದ್ದೀತು" ಅಂದರು. "ಊಟ ಮಾಡು ನಡಿ."

ಸ್ಟಾರ್ಟರಿನ ಡಬ್ಬಿ, ಪೈಪು ನಾನೇ ಕೊಡಿಸಿದೆ. ದುಡ್ಡು ಬೇಡ ಎಂದರು, ಒತ್ತಾಯ ಮಾಡಿದೆ. ಅದನ್ನೂ ನನ್ನ ಒಳ್ಳೆಯತನದ ಲೆಕ್ಕಕ್ಕೆ ಅತ್ತೆ ಬರೆದುಕೊಂಡರು. "ನಮ್ಮ ಅಳಿಯಾ ಇದ್ದಾಂಗ ಯಾರಿರ್ತಾರ" ಎಂದು ಊರೆಲ್ಲ ಹೇಳಿದರು, ನಾನು ಕೇಳಿಸಿಕೊಂಡು ಸುಮ್ಮನಿದ್ದೆ. ಹಳೆಯ ಸ್ಯಾಮ್‌ಸಂಗ್ ಒಂದಿತ್ತು, ಅದನ್ನು ಕೊಡಲು ಹೋದೆ. ಮಾವ ಮುಟ್ಟಲಿಲ್ಲ. ಮುದ್ದೇಬಿಹಾಳದ ಸಂತೆಗೆ ಹೋದಾಗ ಗುಂಡಿ ಫೋನೊಂದನ್ನು ತಾವೇ ಆರಿಸಿ ತಂದರು. ನನ್ನನ್ನು ಕೇಳಲಿಲ್ಲ. ಅಂಗಡಿಯವನಿಗೆ ಅವರು ಹೇಳಿದ್ದು ಇಷ್ಟಂತೆ: "ನನಗ ಬಡಕೊಳ್ಳೂ ಫೋನ ಬೇಕು, ನೋಡೂ ಫೋನ ಬ್ಯಾಡ." ಅದರ ರಿಂಗು ಹೊಲದ ಆಚೆಯ ಬದುವಿಗೆ ಕೇಳಿಸುತ್ತದೆ. ಹಿಂದೆ ಟಾರ್ಚೂ ಇದೆ.

ಅಂದಿನಿಂದ ಮಳೆಗಾಲದಲ್ಲಿ ನಾನು ದಿನಾ ಬೆಳಿಗ್ಗೆ ಫೋನು ಮಾಡಿ ಅಂಕಿ ಹೇಳುತ್ತೇನೆ. 2019ರ ಆಗಸ್ಟಿನಲ್ಲಿ ಹೊರಹರಿವು ಐದು ಲಕ್ಷ ಕ್ಯೂಸೆಕ್ ದಾಟಿದಾಗ ದಿನಕ್ಕೆ ಐದಾರು ಸಲ ಮಾಡಿದೆ. ಅವರು ಮೋಟಾರನ್ನು ಎರಡು ದಿನ ಮೊದಲೇ ಮನೆಯ ಅಂಗಳಕ್ಕೆ ತಂದಿಟ್ಟಿದ್ದರು. ಇದನ್ನು ಓದಿ ನಾನು ತಿದ್ದಿಕೊಂಡೆ ಎಂದು ಯಾರೂ ತಿಳಿಯಬೇಡಿ. ಈ ಬರಹವನ್ನು ಟೈಪು ಮಾಡುವಾಗಲೂ ಪಕ್ಕದ ಕಿಟಕಿಯಲ್ಲಿ ಎರಡು ಫೋನುಗಳು ಅಕ್ಕಪಕ್ಕ ನಿಂತಿವೆ. ಒಂದರದು ಚಾರ್ಜು ಬೇಗ ಆಗುತ್ತದೆ, ಇನ್ನೊಂದರ ಪರದೆ ಬಿಸಿಲಿನಲ್ಲಿ ಚೆನ್ನಾಗಿ ಕಾಣುತ್ತದೆ. ಈಗಿನ ಫೋನಿಗೆ ಏನೂ ಆಗಿಲ್ಲ.

ಕರ್ವು ಗೂಡಿನಲ್ಲೇ ಉಳಿಯಿತು. 2022ರ ಜನವರಿ 4ಕ್ಕೆ ಬ್ಲ್ಯಾಕ್‌ಬೆರಿ ಕಂಪನಿ ತನ್ನ ಹಳೆಯ ಫೋನುಗಳ ಸೇವೆಯನ್ನೇ ಬಂದ್ ಮಾಡಿತು. ಕರೆ, ಎಸ್ಸೆಮ್ಮೆಸ್ಸೂ ನಡೆಯುವ ಭರವಸೆ ಇಲ್ಲ ಎಂದು ಪೇಪರಿನಲ್ಲಿ ಬಂತು. ಓದಿದ ಕೂಡಲೇ ನನಗೆ ಹೊಳೆದದ್ದು ಏನು ಗೊತ್ತೇ? ಈಗ ಹೇಳಬಹುದು! ಇನ್ನು ತಪ್ಪು ಕಂಪನಿಯದು, ನನ್ನ ಹೆಸರು ಬರುವುದಿಲ್ಲ. ಅವತ್ತೇ ಮಾವನಿಗೆ ಫೋನು ಮಾಡಿದೆ.

"ಮಾವಾ, ಆ ಕರಿ ಫೋನ್ ಐತೆಲ್ರಿ, ಅದರ ಕಂಪನಿಯವರು ಬಂದ್ ಮಾಡಿಬಿಟ್ರು ನೋಡ್ರಿ ಇವತ್ತ. ಇನ್ನ ಅದಕ್ಕ ಏನೂ ಬರಂಗಿಲ್ಲ."

ಆ ಕಡೆ ಎತ್ತಿನ ಗಂಟೆ ಕೇಳಿಸುತ್ತಿತ್ತು. ಮಾವ ಯಾರಿಗೋ ತಾಳು ಅಂದರು, ಆಮೇಲೆ ನನಗೆ ಹೇಳಿದರು:

"ಇವತ್ತ ಬಂದಾತಂತೀಯೇನ? ಅದರಾಗ ಏನ್ ಬರದೈತಿ ಅನ್ನೂದು ಆ ರಾತ್ರೇನ ಹುಡುಗ ಓದಿ ಹೇಳ್ಯಾನಲ್ಲೊ."

ಡಬ್ಬಿ ಹೋದ ರಾತ್ರಿ. ನಾನು ಹೋಗುವುದಕ್ಕೆ ಮುಂಚೆ. ಹಾಗಾದರೆ ಸತ್ತ ಫೋನನ್ನು ಚಾರ್ಜಿಗೆ ಹಚ್ಚಿ ಗೂಡಿನಲ್ಲಿ ಇಟ್ಟದ್ದು, ನನಗೆ ಕೈ ಮಾಡಿ ತೋರಿಸಿದ್ದು, ನನ್ನ ಮುಖ ನೋಡುತ್ತ ಕೂತದ್ದು.

ನಾನು ಏನೂ ಅನ್ನಲಿಲ್ಲ. ಮಾವನೇ ಕೇಳಿದರು: "ಅದಿರ್ಲಿ, ಕಾಲುವಿಗೆ ನೀರು ಎಂದಿನ ತನಕ ಬಿಡ್ತಾರಂತ? ಕೇಳಿ ಹೇಳು."